ಮುಟ್ಟಿದರೆ ಮುನಿಯನ್ನು ಮಾತನಾಡಿಸಿದ ಅಧ್ಯಾಪಕ: ಜಗದೀಶಚಂದ್ರ ಬೋಸ್

ಬೋಧನಾಭ್ಯಾಸಕ್ಕೆ ಹೊರಡುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬರಾದರೂ ಮುಟ್ಟಿದರೆ ಮುನಿ ಗಿಡವನ್ನು ಕುಂಡದಲ್ಲಿಟ್ಟುಕೊಂಡು ಶಾಲೆಗೆ ಬರುವುದುಂಟು. ದಾರಿಯಲ್ಲಿ ಬಸ್ಸಿನ ಕುಲುಕಾಟ, ಶಾಲೆಯ ಜಗಲಿಯಲ್ಲಿ ಮಕ್ಕಳ ಬೆರಳುಗಳು. ಪಾಠ ಆರಂಭವಾಗುವ ಹೊತ್ತಿಗೆ ಗಿಡ ಎಲೆಗಳನ್ನೆಲ್ಲ ಮಡಚಿ ತೊಟ್ಟು ಇಳಿಬಿಟ್ಟು ನಿಂತಿರುತ್ತದೆ. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತಿದ್ದಾರೆ, ಪಾಠಯೋಜನೆಯಲ್ಲಿ ಪ್ರಾತ್ಯಕ್ಷಿಕೆ ಎಂದು ಬರೆದಾಗಿದೆ, ಗಿಡ ಮಾತ್ರ ಅಲುಗುವುದಿಲ್ಲ. ಅಷ್ಟರಲ್ಲಿ ಒಂದು ಮಗು ಎದ್ದು, ಮುಟ್ಟಿದರೆ ಗಿಡಕ್ಕೆ ನೋವಾಗುತ್ತದೆಯೇ ಎಂದು ಕೇಳುತ್ತದೆ.

ಹೀಗೆ ಕಷ್ಟ ಎರಡು. ದಣಿದ ಗಿಡವನ್ನು ಏನು ಮಾಡುವುದು? ಆ ಪ್ರಶ್ನೆಗೆ ಏನೆಂದು ಉತ್ತರಿಸುವುದು? ಈ ಎರಡನ್ನೂ ತನ್ನ ಜೀವಮಾನದ ಕೆಲಸವಾಗಿಸಿಕೊಂಡ ಅಧ್ಯಾಪಕರೊಬ್ಬರು ನಮ್ಮ ದೇಶದಲ್ಲಿದ್ದರು. ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವರ ಬದುಕು ಅಧ್ಯಾಪಕರಾಗಲಿರುವವರಿಗೆ ಅದಕ್ಕಿಂತ ಹೆಚ್ಚಿನದನ್ನು ಕಲಿಸಬಲ್ಲದು.

ಬಾಲ್ಯ ಮತ್ತು ಶಿಕ್ಷಣ

ಜಗದೀಶಚಂದ್ರ ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್‌ಚಂದ್ರರು ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು. ಅಂಥ ಹುದ್ದೆಯಲ್ಲಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದು ಆಗಿನ ವಾಡಿಕೆ. ಭಗವಾನ್‌ಚಂದ್ರರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಮಗ ಮೊದಲು ತಾಯ್ನುಡಿಯನ್ನು ಕಲಿಯಲಿ, ತನ್ನ ಜನರನ್ನು ಅರಿಯಲಿ ಎಂಬುದು ಅವರ ನಿಲುವು. ಅಲ್ಲಿ ಬಾಲಕ ಜಗದೀಶನ ಅಕ್ಕಪಕ್ಕ ಕುಳಿತವರು ತಂದೆಯ ಕಚೇರಿಯ ಮುಸ್ಲಿಂ ಸೇವಕನ ಮಗ ಮತ್ತು ಒಬ್ಬ ಬೆಸ್ತರ ಹುಡುಗ. ಹಕ್ಕಿ, ಪ್ರಾಣಿ, ನೀರಿನ ಜೀವಿಗಳ ಕಥೆಗಳನ್ನು ಆ ಗೆಳೆಯರಿಂದ ಕೇಳಿದ್ದೇ ತಮಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿಸಿತೆಂದು ಬೋಸರು ಮುಂದೆ ನೆನೆದರು.

ಅನಂತರ ಕಲ್ಕತ್ತೆಯ ಹೇರ್ ಶಾಲೆ, ಸೇಂಟ್ ಝೇವಿಯರ್ ಶಾಲೆ ಮತ್ತು ಕಾಲೇಜು. ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಪಾದ್ರಿ ಭೌತಶಾಸ್ತ್ರ ಕಲಿಸುತ್ತಿದ್ದರು. ಪ್ರಯೋಗ ಮಾಡಿ ತೋರಿಸಿ ಪಾಠ ಹೇಳುವುದರಲ್ಲಿ ಅವರು ಹೆಸರುವಾಸಿ, ಆ ರೀತಿ ಶಿಷ್ಯನಿಗೂ ಅಂಟಿತು. 1880ರಲ್ಲಿ ಬೋಸರು ವೈದ್ಯಶಾಸ್ತ್ರ ಓದಲು ಲಂಡನ್ನಿಗೆ ಹೋದರು. ಜ್ವರದಿಂದ ಬಳಲುತ್ತಿದ್ದ ದೇಹಕ್ಕೆ ಶವಚ್ಛೇದನ ಕೊಠಡಿಯ ಗಾಳಿ ಒಗ್ಗಲಿಲ್ಲ. ವೈದ್ಯಶಿಕ್ಷಣ ಬಿಟ್ಟು ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಪ್ರಕೃತಿ ವಿಜ್ಞಾನಕ್ಕೆ ಸೇರಿದರು. ಅಲ್ಲಿ ಭೌತಶಾಸ್ತ್ರಕ್ಕೆ ಲಾರ್ಡ್ ರೇಲೀ, ಸಸ್ಯಶಾಸ್ತ್ರಕ್ಕೆ ಸಿಡ್ನಿ ವೈನ್ಸ್ ಮತ್ತು ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ ಗುರುಗಳಾಗಿ ದೊರೆತರು. ಭೌತಶಾಸ್ತ್ರ ಮತ್ತು ಸಸ್ಯಶಾಸ್ತ್ರ ಒಬ್ಬನೇ ವಿದ್ಯಾರ್ಥಿಯ ತಲೆಯಲ್ಲಿ ಕೂಡಿದ್ದರ ಫಲ ಇಪ್ಪತ್ತು ವರ್ಷಗಳ ನಂತರ ಕಂಡಿತು.

ಸಂಬಳ ಮುಟ್ಟದ ಮೂರು ವರ್ಷ

1885ರಲ್ಲಿ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅದೇ ಕೆಲಸಕ್ಕೆ ಐರೋಪ್ಯ ಅಧ್ಯಾಪಕರಿಗೆ ಸಿಗುತ್ತಿದ್ದ ಸಂಬಳದ ಮೂರನೆಯ ಎರಡು ಭಾಗ ಮಾತ್ರ ಭಾರತೀಯರಿಗೆ. ಬೋಸರ ನೇಮಕ ತಾತ್ಕಾಲಿಕವಾದದ್ದರಿಂದ ಅದರಲ್ಲೂ ಅರ್ಧ, ಅಂದರೆ ಮೂರನೆಯ ಒಂದು ಭಾಗ. ಬೋಸರು ಕೆಲಸ ಬಿಡಲಿಲ್ಲ, ಸಂಬಳದ ಚೆಕ್ಕನ್ನೂ ಮುಟ್ಟಲಿಲ್ಲ. ಮೂರು ವರ್ಷ ಒಂದು ಕಾಸು ಪಡೆಯದೆ ಪಾಠ ಹೇಳಿದರು. ತಂದೆ ಹೊಸ ಉದ್ಯಮಗಳಿಗೆ ಕೈಹಾಕಿ ಸಾಲದಲ್ಲಿದ್ದರು. 1887ರಲ್ಲಿ ಅಬಲಾ ಅವರೊಡನೆ ಮದುವೆಯೂ ಆಯಿತು. ಆದರೂ ನಿಲುವು ಸಡಿಲವಾಗಲಿಲ್ಲ.

ಈ ಹಟ ಗೆದ್ದದ್ದು ತರಗತಿಯಿಂದ ಎಂಬುದನ್ನು ನಾವು ಗಮನಿಸಬೇಕು. ಪ್ರಯೋಗಗಳನ್ನು ಕಣ್ಣೆದುರಿಗೆ ಮಾಡಿ ತೋರಿಸುವ ಅವರ ಪಾಠಕ್ಕೆ ವಿದ್ಯಾರ್ಥಿಗಳು ತುಂಬುತ್ತಿದ್ದರು. ಭಾರತೀಯರಿಗೆ ವಿಜ್ಞಾನ ಕಲಿಸಲು ಬಾರದು ಎಂದು ನಂಬಿದ್ದ ಅಧಿಕಾರಿಗಳೇ ಕೊನೆಗೆ ಅವರ ಸಾಮರ್ಥ್ಯವನ್ನು ಒಪ್ಪಿದರು. ನೇಮಕ ಖಾಯಂ ಆಯಿತು, ಮೂರು ವರ್ಷದ ಪೂರ್ಣ ಸಂಬಳ ಒಟ್ಟಿಗೆ ಬಂತು. ಆ ಹಣ ತಂದೆಯ ಸಾಲಕ್ಕೆ ಹೋಯಿತು. ಮುಂದೆ ಹೆಸರಾಂತ ವಿಜ್ಞಾನಿಗಳಾದ ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಇದೇ ಕಾಲೇಜಿನಲ್ಲಿ ಅವರ ವಿದ್ಯಾರ್ಥಿಗಳು.

ಸಂಶೋಧನೆಗೆ ಅವರಿಗಿದ್ದ ಜಾಗ ಕೇವಲ 24 ಚದರ ಅಡಿಯ ಸಣ್ಣ ಕೋಣೆ. ಬೇಕಾದ ಉಪಕರಣಗಳನ್ನು ಸ್ಥಳೀಯ ಕುಶಲಕರ್ಮಿಗಳಿಂದ ಮಾಡಿಸಿಕೊಂಡರು. 1895ರ ಸುಮಾರಿಗೆ ಅತಿ ಕಿರಿದಾದ ರೇಡಿಯೊ ಅಲೆಗಳನ್ನು ಹೊರಡಿಸಿ, ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯ ಆಚೆಗಿದ್ದ ಗಂಟೆ ಬಾರಿಸಿ, ಮದ್ದಿನ ಪುಡಿ ಹೊತ್ತಿಸಿ ತೋರಿಸಿದರು.

ಲೋಹದಿಂದ ಎಲೆಗೆ

ಅಲೆಗಳನ್ನು ಹಿಡಿಯುವ ಸಾಧನ ಬಹಳ ಹೊತ್ತು ಬಳಸಿದರೆ ಮಂದವಾಗುತ್ತಿತ್ತು, ವಿಶ್ರಾಂತಿ ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು. ಬೇರೆಯವರು ಇದನ್ನು ಉಪಕರಣದ ದೋಷ ಎಂದು ಬಿಟ್ಟುಬಿಡುತ್ತಿದ್ದರೇನೋ. ಬೋಸರಿಗೆ ಅದು ದಣಿದ ಸ್ನಾಯುವಿನಂತೆ ಕಂಡಿತು. ಲೋಹ ಮತ್ತು ಪ್ರಾಣಿಯ ಸ್ನಾಯು ಹೀಗೆ ವರ್ತಿಸುವುದಾದರೆ ನಡುವೆ ಇರುವ ಸಸ್ಯ ಏನು ಮಾಡುತ್ತದೆ ಎಂದು ಹುಡುಕಲು ಹೊರಟರು. ಎಲೆ, ಕಾಂಡ, ಕ್ಯಾರೆಟ್, ಮೂಲಂಗಿಗಳನ್ನು ತಟ್ಟಿ, ತಿರುಚಿ, ಆಗ ಹುಟ್ಟುವ ವಿದ್ಯುತ್ ಬದಲಾವಣೆಯನ್ನು ಅಳೆದರು. ಮುಟ್ಟಿದಾಗ ಅಲುಗುವ ಗಿಡಗಳು ಮಾತ್ರವಲ್ಲ, ಸುಮ್ಮನಿರುವಂತೆ ಕಾಣುವ ಸಾಮಾನ್ಯ ಗಿಡಗಳೂ ಪ್ರಚೋದನೆಗೆ ವಿದ್ಯುತ್ ಪ್ರತಿಕ್ರಿಯೆ ತೋರುತ್ತವೆ ಎಂಬ ತೀರ್ಮಾನಕ್ಕೆ ಬಂದರು.

1901ರ ಮೇ 10ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದನ್ನು ಪ್ರಯೋಗ ಸಹಿತ ತೋರಿಸಿದಾಗ ಮೆಚ್ಚುಗೆ ಸಿಕ್ಕಿತು. ಮುಂದಿನ ತಿಂಗಳು ರಾಯಲ್ ಸೊಸೈಟಿಯಲ್ಲಿ ಎದುರಾದದ್ದು ವಿರೋಧ. ಶರೀರಕ್ರಿಯಾ ವಿಜ್ಞಾನಿ ಜಾನ್ ಬರ್ಡನ್ ಸ್ಯಾಂಡರ್ಸನ್ ಅವರು ಸಾಮಾನ್ಯ ಸಸ್ಯಗಳಲ್ಲಿ ಇಂಥ ಪ್ರತಿಕ್ರಿಯೆ ಅಸಾಧ್ಯವೆಂದರು, ಪ್ರಬಂಧದ ಶೀರ್ಷಿಕೆಯ ಪದಗಳನ್ನೂ ಬದಲಿಸಲು ಸೂಚಿಸಿದರು. ಆಕ್ಷೇಪ ಎತ್ತಿದವರು ಈ ವಿಷಯ ಗೊತ್ತಿಲ್ಲದವರೇನಲ್ಲ. ಚಾರ್ಲ್ಸ್ ಡಾರ್ವಿನ್ನರ ಪ್ರೇರಣೆಯಿಂದ 1873ರಲ್ಲಿ ಕೀಟಾಹಾರಿ ವೀನಸ್ ಫ್ಲೈಟ್ರ್ಯಾಪ್ ಗಿಡದ ವಿದ್ಯುತ್ ಸಂಕೇತವನ್ನು ಮೊದಲು ದಾಖಲಿಸಿದವರೇ ಅವರು. ಬೋಸರು ಪದ ಬದಲಿಸಲು ಒಪ್ಪಲಿಲ್ಲ. ಪ್ರಬಂಧ ಅಚ್ಚಾಗದೆ ಕಡತ ಸೇರಿತು. ಮರುವರ್ಷ ಹಳೆಯ ಗುರು ವೈನ್ಸ್ ನೆರವಿನಿಂದ ಲಿನಿಯನ್ ಸೊಸೈಟಿಯ ಮೂಲಕ ಅವರ ಕೆಲಸ ಪ್ರಕಟವಾಯಿತು.

ಗಿಡವೇ ಬರೆದ ದಾಖಲೆ

ವಾದದಿಂದ ಗೆಲ್ಲಲಾಗದು, ಗಿಡವೇ ತನ್ನ ಸಾಕ್ಷ್ಯ ಬರೆಯಬೇಕು ಎಂದು ಬೋಸರು ನಿಶ್ಚಯಿಸಿದರು. ಮುಟ್ಟಿದರೆ ಮುನಿಯ ಎಲೆಯನ್ನು ರೇಷ್ಮೆದಾರದಿಂದ ಹಗುರವಾದ ಸನ್ನೆಗೋಲಿಗೆ ಕಟ್ಟಿದರು. ಅದರ ತುದಿಯ ಸಣ್ಣ ತಂತಿ ಮಸಿ ಹಿಡಿಸಿದ ಗಾಜಿನ ಮೇಲೆ ಗೆರೆ ಎಳೆಯಬೇಕು. ಆದರೆ ಗಾಜಿಗೆ ಉಜ್ಜುವ ಘರ್ಷಣೆಯೇ ಎಲೆಯ ಎಳೆತಕ್ಕೆ ಹೆಚ್ಚಾಗುತ್ತಿತ್ತು. ತಂತಿಯನ್ನು ವಿದ್ಯುತ್ತಿನಿಂದ ಕಂಪಿಸುವಂತೆ ಮಾಡಿದಾಗ ಅದು ಗಾಜನ್ನು ಕ್ಷಣಕ್ಷಣ ತಾಗಿ ಬಿಡುತ್ತ ಚುಕ್ಕೆ ಇಟ್ಟಿತು. ಘರ್ಷಣೆ ತಪ್ಪಿತು. ಚುಕ್ಕೆಗಳ ನಡುವಿನ ಕಾಲ ಗೊತ್ತಿದ್ದುದರಿಂದ ಸಮಯದ ಅಳತೆಯೂ ಅದರಲ್ಲೇ ಸಿಕ್ಕಿತು.

ಈ ಉಪಕರಣದಿಂದ ಮೂರು ಸಂಗತಿಗಳು ತಿಳಿದವು. ಪ್ರಚೋದನೆಯಾದ ಒಡನೆ ಎಲೆ ಬಾಗುವುದಿಲ್ಲ, ನಡುವೆ ಅತಿ ಸಣ್ಣ ಅವಧಿ ಇದೆ. ಬಾಗಿದ ಎಲೆ ಪೂರ್ತಿ ಮೇಲೇಳಲು ಸುಮಾರು ಕಾಲು ಗಂಟೆ ಬೇಕು. ಅದಕ್ಕೆ ಮೊದಲೇ ಮತ್ತೆ ಮತ್ತೆ ಕೆಣಕಿದರೆ ಪ್ರತಿಕ್ರಿಯೆ ಕುಗ್ಗುತ್ತ ಹೋಗುತ್ತದೆ. ಬಸ್ಸಿನಲ್ಲಿ ಕುಲುಕಿ ಬಂದ ನಮ್ಮ ಕುಂಡದ ಗಿಡದ ಕಥೆಯೂ ಇದೇ.

ತೊಟ್ಟಿನ ಒಂದು ಭಾಗವನ್ನು ತಂಪು ಮಾಡಿದಾಗ ಅಥವಾ ಅರಿವಳಿಕೆ ತಾಗಿಸಿದಾಗ ಸಂಕೇತ ಅಲ್ಲೇ ತಡೆಯುವುದನ್ನೂ ಅವರು ಕಂಡರು. ಸಂಕೇತ ಬರಿಯ ನೀರಿನ ತಳ್ಳಾಟವಾಗಿದ್ದರೆ ಹೀಗಾಗಬಾರದು, ಇದು ಜೀವಕೋಶಗಳಲ್ಲಿ ಹರಿಯುವ ಉದ್ರೇಕ ಎಂಬುದು ಅವರ ವಾದ. 1916ರಲ್ಲಿ ಇಟಲಿಯ ಉಬಾಲ್ಡೊ ರಿಕ್ಕಾ ಎಂಬ ವಿಜ್ಞಾನಿ, ಕತ್ತರಿಸಿದ ಕಾಂಡದ ಎರಡು ತುಂಡುಗಳನ್ನು ನೀರು ತುಂಬಿದ ಕೊಳವೆಯಿಂದ ಜೋಡಿಸಿದರೂ ಸಂಕೇತ ದಾಟುತ್ತದೆ ಎಂದು ತೋರಿಸಿ, ರಸದಲ್ಲಿ ಹರಿಯುವ ರಾಸಾಯನಿಕವೇ ಕಾರಣ ಎಂದರು. ಇಂದಿನ ತಿಳಿವಳಿಕೆಯಲ್ಲಿ ಇಬ್ಬರಿಗೂ ಪಾಲಿದೆ. ಹಗುರ ಸ್ಪರ್ಶದಲ್ಲಿ ವಿದ್ಯುತ್ ಸಂಕೇತ ಮುಖ್ಯ. ಗಾಯವಾದಾಗ ರಾಸಾಯನಿಕವೂ ನೀರಿನ ಒತ್ತಡದ ಬದಲಾವಣೆಯೂ ಸೇರುತ್ತವೆ. ಸಂಕೇತ ತಲುಪಿದಾಗ ತೊಟ್ಟಿನ ಬುಡದ ಉಬ್ಬಿನಲ್ಲಿ ಕೆಳಗಿನ ಅರ್ಧದ ಕೋಶಗಳಿಂದ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೊರಬರುತ್ತವೆ, ಹಿಂದೆಯೇ ನೀರೂ ಹೊರಬರುತ್ತದೆ, ಬಿಗಿ ಕಳೆದುಕೊಂಡ ಕೋಶಗಳ ಕಡೆಗೆ ತೊಟ್ಟು ಕುಸಿಯುತ್ತದೆ.

ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಬೋಸರ ಇನ್ನೊಂದು ಸಾಧನ. ಅದರಿಂದ ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಬೆಳೆಯುತ್ತಿರುವ ಗಿಡವನ್ನು ಉಜ್ಜಿದರೆ ಬೆಳವಣಿಗೆಯ ವೇಗ ತಗ್ಗುತ್ತದೆ, ಬಿಟ್ಟರೆ ನಿಧಾನವಾಗಿ ಚೇತರಿಸುತ್ತದೆ.

1915ರಲ್ಲಿ ನಿವೃತ್ತರಾದ ಬೋಸರು 1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನ, ಕಲ್ಕತ್ತೆಯಲ್ಲಿ ಬಸು ವಿಜ್ಞಾನ ಮಂದಿರವನ್ನು ಆರಂಭಿಸಿದರು. ಕ್ರೆಸ್ಕೋಗ್ರಾಫಿನ ಬಗ್ಗೆ ಲಂಡನ್ನಿನಲ್ಲಿ ಸಂಶಯ ಎದ್ದಾಗ ವಿಜ್ಞಾನಿಗಳ ಮುಂದೆಯೇ ಅದನ್ನು ನಡೆಸಿ ತೋರಿಸಿದರು. 1920ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಮರುವರ್ಷ ಅವರ ಬಂಗಾಳಿ ಲೇಖನಗಳ ಸಂಗ್ರಹ ‘ಅವ್ಯಕ್ತ’ ಹೊರಬಂತು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು.

ಎಲ್ಲಿ ಒಪ್ಪಬೇಕು, ಎಲ್ಲಿ ನಿಲ್ಲಬೇಕು

ಬೋಸರನ್ನು ಗೌರವಿಸುವುದೆಂದರೆ ಅವರು ಹೇಳಿದ್ದೆಲ್ಲವನ್ನೂ ಮಕ್ಕಳಿಗೆ ಒಪ್ಪಿಸುವುದಲ್ಲ. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳಿವೆ ಎಂಬುದು ಇಂದು ಸ್ಥಿರಪಟ್ಟ ವಿಷಯ. ಸಸ್ಯಗಳಿಗೆ ನರವ್ಯೂಹವಿದೆ, ಕಾಂಡದೊಳಗಿನ ಕೋಶಗಳು ಹೃದಯದಂತೆ ಮಿಡಿದು ರಸವನ್ನು ಮೇಲೇರಿಸುತ್ತವೆ ಎಂಬ ಅವರ ಮುಂದಿನ ಮಾತುಗಳನ್ನು ವಿಜ್ಞಾನ ಒಪ್ಪಿಲ್ಲ. ಸಸ್ಯಕ್ಕೆ ನರಕೋಶಗಳಿಲ್ಲ, ಮಿದುಳಿಲ್ಲ. ಆದ್ದರಿಂದ ಮಗುವಿನ ಪ್ರಶ್ನೆಗೆ ಉತ್ತರ ಹೀಗಿರಬಹುದು: ಗಿಡಕ್ಕೆ ಸ್ಪರ್ಶ ಗೊತ್ತಾಗುತ್ತದೆ, ಅದು ಉತ್ತರವನ್ನೂ ಕೊಡುತ್ತದೆ. ನಮಗೆ ಆಗುವಂಥ ನೋವು ಅದಕ್ಕಿದೆ ಎನ್ನಲು ಆಧಾರವಿಲ್ಲ. ಬೋಸರಿಗೆ ಗಿಡಗಳ ನೋವು ಗೊತ್ತಿತ್ತು ಎಂಬ ಕಥೆ ಪಾಠವನ್ನು ಸಿಹಿಯಾಗಿಸಬಹುದು, ಆದರೆ ಅಳೆದು ನೋಡದೆ ಏನನ್ನೂ ನಂಬದ ಅವರ ಪ್ರಯೋಗಶೀಲತೆಗೆ ಅದು ಅನ್ಯಾಯ.

ಅವರ ಇನ್ನೊಂದು ಸುಳಿವು ಮುಂದೆ ದೂರ ಸಾಗಿತು. ದಿನವೂ ಉಜ್ಜಿದ ಗಿಡಗಳು ಕುಳ್ಳಗೆ, ದಪ್ಪ ಕಾಂಡದಿಂದ ಬೆಳೆಯುವುದನ್ನು 1973ರಲ್ಲಿ ಅಮೆರಿಕದ ಮಾರ್ಕ್ ಜಾಫಿ ವಿವರಿಸಿದರು. ಗಾಳಿಗೆ ಸಿಕ್ಕುವ ಬಯಲಿನ ಗಿಡ ಗಟ್ಟಿಯಾಗುವುದು ಇದೇ ಹೊಂದಾಣಿಕೆಯಿಂದ. 1990ರಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್, ಹಾರ್ಮೋನು ಸಿಂಪಡಿಸಿದ ಗಿಡಗಳಲ್ಲಿ ಕೆಲವು ಜೀನ್‌ಗಳು ಚುರುಕಾಗುವುದನ್ನು ಕಂಡರು. ಬರೀ ನೀರು ಸಿಂಪಡಿಸಿದ ಗಿಡಗಳಲ್ಲೂ ಅವೇ ಜೀನ್‌ಗಳು ಚುರುಕಾಗಿದ್ದವು! ಕಾರಣ ಹಾರ್ಮೋನಲ್ಲ, ಹನಿಗಳ ಸ್ಪರ್ಶ. ನಿಯಂತ್ರಣ ಗುಂಪು ಏಕೆ ಬೇಕೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ತರಗತಿಗೆ

ಬೋಧನಾಭ್ಯಾಸಕ್ಕೆ ಎರಡು ಕುಂಡಗಳನ್ನು ಹಿಂದಿನ ದಿನವೇ ಶಾಲೆಯಲ್ಲಿಡಿ, ಒಂದನ್ನು ಯಾರೂ ಮುಟ್ಟದಂತೆ ಕಾಯಿರಿ. ಎಲೆ ಮಡಚುವುದನ್ನು ತೋರಿಸಿ ಪಾಠ ಮುಗಿಸಬೇಡಿ, ಅದು ಮತ್ತೆ ಅರಳಲು ಎಷ್ಟು ನಿಮಿಷ ಬೇಕೆಂದು ಮಕ್ಕಳೇ ಗಡಿಯಾರ ನೋಡಿ ಬರೆಯಲಿ. ಎರಡು ತಟ್ಟೆಗಳಲ್ಲಿ ಹುರುಳಿ ಅಥವಾ ಅವರೆ ಸಸಿಗಳನ್ನು ಬೆಳೆಸಿ, ಒಂದು ತಟ್ಟೆಯವನ್ನು ಮಾತ್ರ ದಿನವೂ ಇಪ್ಪತ್ತು ಸಲ ಮೆಲ್ಲಗೆ ಸವರಿ, ಎರಡು ಮೂರು ವಾರ ಎತ್ತರ ಅಳೆಯಿಸಿ. ನಿರೀಕ್ಷಿಸಿದ ವ್ಯತ್ಯಾಸ ಬಾರದಿದ್ದರೆ ಅಂಕಿಗಳನ್ನು ತಿದ್ದಬೇಡಿ, ಏಕೆ ಬರಲಿಲ್ಲವೆಂದು ಮಕ್ಕಳೊಡನೆ ಚರ್ಚಿಸಿ.

ಮಡಚಿದ ಗಿಡವನ್ನೇ ಹಿಡಿದು ತರಗತಿಗೆ ಹೋಗಬೇಕಾಗಿ ಬಂದರೂ ಪಾಠ ಕೆಟ್ಟಿತೆಂದು ಅಂಜಬೇಕಿಲ್ಲ. ಗಿಡ ಏಕೆ ಸುಮ್ಮನಿದೆ ಎಂಬ ಪ್ರಶ್ನೆಯಿಂದಲೇ ಆರಂಭಿಸಬಹುದು. ಉಪಕರಣ ಏಕೆ ದಣಿಯಿತು ಎಂದು ಕೇಳಿಕೊಂಡೇ ಬೋಸರೂ ಗಿಡಗಳ ಬಳಿಗೆ ಬಂದದ್ದು.