ಜಗದ್ಗುರು ಬಾದಶಹ ಎರಡನೆಯ ಇಬ್ರಾಹಿಂ ಆದಿಲಶಹ

ವಿಜಯಪುರ ನಗರದ ಪಶ್ಚಿಮದ ಕೋಟೆಗೋಡೆಯನ್ನು ದಾಟಿ ತಿಕೋಟೆಯ ಕಡೆಗೆ ಹೊರಟವರಿಗೆ ಮೊದಲು ಇಬ್ರಾಹಿಂ ರೋಜಾದ ತೆಳುವಾದ ಮಿನಾರುಗಳು ಕಾಣುತ್ತವೆ. ಇನ್ನಷ್ಟು ದೂರ ಸಾಗಿದರೆ ತೊರವಿ. ಕುಮಾರವಾಲ್ಮೀಕಿಯು ತನ್ನ ರಾಮಾಯಣವನ್ನು ಈ ಊರಿನ ನರಸಿಂಹನಿಗೆ ಅರ್ಪಿಸಿದನೆಂಬುದನ್ನು ಕನ್ನಡಿಗರೆಲ್ಲ ಬಲ್ಲರು. ಆ ನರಸಿಂಹನ ನೆರೆಯಲ್ಲಿಯೇ ಒಬ್ಬ ಮುಸಲ್ಮಾನ ಅರಸನು ಸಂಗೀತಕ್ಕಾಗಿ ಒಂದು ಪಟ್ಟಣವನ್ನು ಕಟ್ಟಿಸಿದನೆಂಬುದನ್ನು ಬಲ್ಲವರು ಅಷ್ಟಿಲ್ಲ. ಗೋಳಗುಮ್ಮಟವನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ; ಆ ಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಹನ ತಂದೆಯ ಚರಿತ್ರೆಯನ್ನು ಕೇಳುವವರು ವಿರಳ.

ಎರಡನೆಯ ಇಬ್ರಾಹಿಮನು ಪಟ್ಟವೇರಿದ್ದು 1580ರಲ್ಲಿ. ಆಗ ಅವನಿಗೆ ಒಂಬತ್ತು ವರ್ಷ. ದೊಡ್ಡಪ್ಪನಾದ ಒಂದನೆಯ ಅಲಿ ಆದಿಲಶಹನು ಮಕ್ಕಳಿಲ್ಲದೆ ಕೊಲೆಗೀಡಾಗಿದ್ದನು. ಅಲಿಯು ಸಾಮಾನ್ಯನಲ್ಲ. ಯುದ್ಧಕ್ಕೆ ಹೋಗುವಾಗಲೂ ಗ್ರಂಥಗಳನ್ನು ಬಿಟ್ಟಿರಲಾರದ ಓದುಗ; 1561ರಲ್ಲಿ ಗೋವೆಯಿಂದ ಕ್ರೈಸ್ತ ಪಾದ್ರಿಗಳನ್ನು ಕರೆಯಿಸಿ ಅವರ ಮತದ ವಿಚಾರವನ್ನು ಕೇಳಿದವನು. ಅನ್ಯಮತದವನ ಮಾತನ್ನು ಕೇಳುವುದರಿಂದ ಕಿವಿ ಮೈಲಿಗೆಯಾಗದೆಂಬ ಸಂಪ್ರದಾಯವು ಆ ಅರಮನೆಯಲ್ಲಿ ಮೊದಲೇ ಬೇರೂರಿತ್ತು.

ಬಾಲಕನನ್ನು ಸಲಹಿದವಳು ಅಲಿಯ ವಿಧವೆ ಚಾಂದಬೀಬಿ. ರಾಜಪ್ರತಿನಿಧಿಗಳು ಒಬ್ಬರಾದ ಮೇಲೊಬ್ಬರು ಅಧಿಕಾರಕ್ಕಾಗಿ ಬಡಿದಾಡಿದರು. ಅವರಲ್ಲೊಬ್ಬನು ಆ ಧೀರಸ್ತ್ರೀಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟದ್ದೂ ಉಂಟು. ಕಡೆಗೆ ದಿಲಾವರಖಾನನೆಂಬ ಹಬಸಿ ಸರದಾರನ ಕೈ ಮೇಲಾಯಿತು. ಅವನು ರಾಜ್ಯದ ಅಧಿಕೃತ ಪಂಥವನ್ನು ಷಿಯಾದಿಂದ ಸುನ್ನಿಗೆ ಬದಲಿಸಿದನು. ಇಂಥ ಬದಲಾವಣೆ ವಿಜಯಪುರಕ್ಕೆ ಹೊಸದಲ್ಲ. ವಂಶಸ್ಥಾಪಕ ಯೂಸುಫನು ಷಿಯಾ ಪಂಥವನ್ನು ಸಾರಿದ್ದನು. ಒಂದನೆಯ ಇಬ್ರಾಹಿಮನು ಅದನ್ನು ತೆಗೆದು ಸುನ್ನಿ ಪಂಥವನ್ನು ತಂದನು. 1558ರಲ್ಲಿ ಅಲಿಯು ಮತ್ತೆ ಷಿಯಾ ಪಂಥಕ್ಕೆ ಮರಳಿದನು. ಸಿಂಹಾಸನದ ಮೇಲೆ ಕುಳಿತವನು ಬದಲಾದಂತೆ ಮಸೀದೆಯಲ್ಲಿ ಶುಕ್ರವಾರ ಓದುವ ಹೆಸರುಗಳೂ ಬದಲಾಗುತ್ತಿದ್ದವು. ದೇವರ ಆಜ್ಞೆಯೆಂದು ಹಿರಿಯರು ಹೇಳಿದ್ದು ಮಂತ್ರಿಯ ಆಜ್ಞೆಯಿಂದ ಮಾರ್ಪಡುವುದನ್ನು ಕಣ್ಣಾರೆ ಕಂಡ ಬಾಲಕನ ಮನಸ್ಸಿನಲ್ಲಿ ಯಾವ ಪ್ರಶ್ನೆ ಮೊಳೆತಿರಬೇಕು? ಚರಿತ್ರಕಾರರು ಅದನ್ನು ಬರೆದಿಟ್ಟಿಲ್ಲ. ಆದರೆ ಅವನ ಮುಂದಿನ ಬಾಳು ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದಂತೆಯೇ ತೋರುತ್ತದೆ.

1590ರಲ್ಲಿ ಇಬ್ರಾಹಿಮನು ದಿಲಾವರಖಾನನನ್ನು ತಳ್ಳಿ ಆಡಳಿತವನ್ನು ತಾನೇ ವಹಿಸಿಕೊಂಡನು. ಓಡಿಹೋಗಿ ಮರಳಿ ಬಂದ ಆ ಸರದಾರನ ಕಣ್ಣುಗಳನ್ನು ಕೀಳಿಸಲಾಯಿತು. ದಂಗೆಯೆದ್ದ ಸ್ವಂತ ತಮ್ಮ ಇಸ್ಮಾಯಿಲನೂ ಉಳಿಯಲಿಲ್ಲ. ಕವಿಹೃದಯದ ಅರಸನೆಂದು ಈ ಸಂಗತಿಗಳನ್ನು ಮರೆಮಾಚುವುದು ನ್ಯಾಯವಲ್ಲ. ಅವನೂ ಆ ಕಾಲದ ಅರಸನೇ.

ಅವನ ಹೆಸರು ಉಳಿದುದು ಬೇರೊಂದು ಕಾರಣಕ್ಕೆ. ದಖನಿ ಭಾಷೆಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ ರಾಗಗಳಿಗೆ ಹೊಂದಿಸಿದ 59 ಗೀತೆಗಳ ಹಾಗೂ 17 ದ್ವಿಪದಿಗಳ ಸಂಗ್ರಹ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಶಿವಪಾರ್ವತಿಯರ ವರ್ಣನೆಯಿದೆ; ಅದೇ ಭಕ್ತಿಯಿಂದ ಪ್ರವಾದಿಯ ಮತ್ತು ಕಲಬುರ್ಗಿಯ ಬಂದೇನವಾಜರ ಸ್ಮರಣೆಯೂ ಇದೆ. ಮೋತಿಖಾನ ಎಂದು ಹೆಸರಿಟ್ಟ ತನ್ನ ತಂಬೂರಿಯನ್ನೂ ಆತಿಶಖಾನನೆಂಬ ಆನೆಯನ್ನೂ ಅರಸನು ಮರೆತಿಲ್ಲ! ಮುಘಲ ದರಬಾರಿನಿಂದ ಬಂದ ಫರ್ರುಖ್ ಹುಸೇನನೆಂಬ ಚಿತ್ರಕಾರನು ಬರೆದ ಸರಸ್ವತಿಯ ಚಿತ್ರವೊಂದು ಇಂದಿಗೂ ಉಳಿದಿದೆ. ಇಬ್ರಾಹಿಮನಿಗೆ ಗಣಪತಿಯೇ ತಂದೆ, ಸರಸ್ವತಿಯೇ ತಾಯಿ ಎಂಬರ್ಥದ ಬರಹವನ್ನು ಅದರಲ್ಲಿ ಕಾಣಬಹುದು. ಅರಸನ ಚಿತ್ರಗಳಲ್ಲಿ ಅವನ ಕೊರಳಿಗೆ ರುದ್ರಾಕ್ಷಿಯ ಮಾಲೆಯಿದೆ. ತಾಮ್ರದ ನಾಣ್ಯಗಳ ಮೇಲೆ ಅಬಲರ ಬಲವೆಂಬರ್ಥದ ಬಿರುದನ್ನು ಅಚ್ಚು ಹಾಕಿಸಿದನು. ಪ್ರಜೆಗಳು ಅವನನ್ನು ಜಗದ್ಗುರು ಬಾದಶಹನೆಂದು ಕರೆದರು. ಕೋಟೆಯ ಬಳಿಯ ನರಸಿಂಹ ಸರಸ್ವತಿಯ ಗುಡಿಗೆ ಅವನು ಹೋಗುತ್ತಿದ್ದನೆಂಬ ಜನಶ್ರುತಿ ಊರಿನಲ್ಲಿ ಇನ್ನೂ ಜೀವಂತವಾಗಿದೆ.

ಇದೆಲ್ಲ ಸುಲಭವಾಗಿ ನಡೆದುಹೋಯಿತೆಂದು ಭಾವಿಸಲಾಗದು. ಭರೂಚದಿಂದ ಬಂದ ಶಹಾ ಸಿಬ್ಗತುಲ್ಲಾ ಎಂಬ ಸೂಫಿ ಗುರುವಿಗೆ ನಗರದಲ್ಲಿ ದೊಡ್ಡ ಶಿಷ್ಯಬಳಗವಿತ್ತು. ಅರಸನ ನಡೆ ಧರ್ಮಕ್ಕೆ ಹೊರತಾದುದೆಂದು ಅವನು ಅಂಜದೆ ಸಾರಿದನು. ಕಟ್ಟುನಿಟ್ಟಿನ ಶಾಸ್ತ್ರಾಚಾರ ನಡೆಯಬೇಕೆಂದು, ಷಿಯಾಗಳಿಗೆ ಆಸ್ಥಾನದಲ್ಲಿ ಎಡೆಯಿರಬಾರದೆಂದು ಆಗ್ರಹಿಸಿದನು. ಗುರುವಿಗೆ ತನ್ನ ನಂಬಿಕೆ ಪ್ರಾಣಕ್ಕಿಂತ ದೊಡ್ಡದಾಗಿತ್ತೆಂಬುದನ್ನೂ ಒಪ್ಪಬೇಕು. ಅರಸನು ಅವನನ್ನು ಕೊಲ್ಲಿಸಲಿಲ್ಲ, ಅವನ ಮಾತಿಗೆ ಮಣಿಯಲೂ ಇಲ್ಲ. ಹಜ್ ಯಾತ್ರೆಯ ಏರ್ಪಾಡು ಮಾಡಿ ಗೌರವದಿಂದಲೇ ಮಕ್ಕೆಗೆ ಕಳುಹಿಸಿಬಿಟ್ಟನು. ಸಿಬ್ಗತುಲ್ಲಾ 1606ರಲ್ಲಿ ಮದೀನೆಯಲ್ಲಿ ಕಾಲವಾದನು.

ಹಾಗಾದರೆ ಇಬ್ರಾಹಿಮನು ನಂಬಿಕೆಯನ್ನೇ ತೊರೆದವನೇ? ಶಾಸ್ತ್ರಿಗಳ ಕೆಲವರ ಕಣ್ಣಿಗೆ ಅವನು ಹಾಗೆಯೇ ಕಂಡನು. ಅವನು ಮುಸಲ್ಮಾನನಾಗಿ ಉಳಿದನೆಂಬುದರಲ್ಲಿ ಸಂದೇಹವಿಲ್ಲ. ದೇವರಿಲ್ಲವೆನ್ನುವ ಇಂದಿನ ನಾಸ್ತಿಕವಾದವನ್ನು ಅವನ ತಲೆಗೆ ಕಟ್ಟುವುದು ಸಲ್ಲದು. ಅವನು ಸಂದೇಹಪಟ್ಟದ್ದು ದೇವರನ್ನಲ್ಲ. ದೇವರು ಒಂದೇ ಬೇಲಿಯೊಳಗೆ ಇದ್ದಾನೆಂದು ಹೇಳುವವರ ಅಧಿಕಾರವನ್ನು. ಆ ಕಾಲದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಅಪಾಯದ್ದಾಗಿರಲಿಲ್ಲ. ಅವನು ಅರಸನಾಗಿದ್ದುದರಿಂದ ಆ ಸಂದೇಹಕ್ಕೆ ರಕ್ಷಣೆಯಿತ್ತು. ಅವನ ಪ್ರಜೆಗಳಲ್ಲಿ ಅದೇ ಪ್ರಶ್ನೆಯನ್ನು ಕೇಳಿದ ಬಡವನಿಗೆ ಎಷ್ಟು ರಕ್ಷಣೆಯಿತ್ತೋ ತಿಳಿಯದು.

1599ರಲ್ಲಿ ತೊರವಿಯ ಹತ್ತಿರ ನವರಸಪುರಕ್ಕೆ ಅಡಿಗಲ್ಲು ಬಿದ್ದಿತು. ನವರಸವೆಂಬ ಶಬ್ದದ ಮೇಲೆ ಅರಸನಿಗೆ ವಿಪರೀತ ಮೋಹ. ನಾಣ್ಯಕ್ಕೂ ಹಬ್ಬಕ್ಕೂ ಅದೇ ಹೆಸರು. ಗಾಯಕರು, ಕವಿಗಳು, ಶಿಲ್ಪಿಗಳು ದೂರದೂರದಿಂದ ಬಂದರು. ಪಾರಸಿಯ ಜುಹೂರಿ ಕವಿ ಅವನ ಗ್ರಂಥಕ್ಕೆ ಪೀಠಿಕೆ ಬರೆದನು. ಅರಸನ ಅಪೇಕ್ಷೆಯಂತೆ ಚರಿತ್ರೆ ಬರೆದ ಫರಿಷ್ತಾ ತನ್ನ ಗ್ರಂಥದ ಆದಿಯಲ್ಲಿ ಮಹಾಭಾರತದ ಕಥೆಗೂ ಸ್ಥಾನ ಕೊಟ್ಟನು. 1604ರ ಸುಮಾರಿಗೆ ಅಕ್ಬರನ ದೂತ ಅಸದಬೇಗನು ಬಂದಾಗ, ಅರಸನಿಗೆ ಪಾರಸಿಗಿಂತ ಮರಾಠಿಯೇ ಸಲೀಸಾಗಿರುವುದನ್ನು ಗಮನಿಸಿದನು. ಅವನು ಮರಳುವಾಗ ವಿಜಯಪುರದ ಹೊಗೆಸೊಪ್ಪನ್ನೂ ಅಕ್ಬರನಿಗೆ ಕಾಣಿಕೆಯಾಗಿ ಒಯ್ದನು. ಆ ಕಾಣಿಕೆಯನ್ನು ಹೊಗಳುವಂತಿಲ್ಲ.

ನವರಸಪುರ ಪೂರ್ಣವಾಗಿ ಬೆಳೆಯಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ ಅಂಬರನು ಭಾತವಡಿಯ ಯುದ್ಧದಲ್ಲಿ ಗೆದ್ದು ಬಂದು ಅದನ್ನು ಸೂರೆಗೈದನು. ಸಂಗೀತ ಮಹಲಿನ ಕಮಾನುಗಳು ಮಾತ್ರ ತೊರವಿಯ ಹೊಲಗಳ ನಡುವೆ ನಿಂತಿವೆ. ಮುದುಕನಾಗುತ್ತಿದ್ದ ಅರಸನು ಆ ಹಾಳನ್ನು ಕಣ್ಣಾರೆ ಕಂಡನು.

1627ರಲ್ಲಿ ಇಬ್ರಾಹಿಮನು ಕಾಲವಾದನು. ರಾಣಿ ತಾಜಸುಲ್ತಾನಳಿಗಾಗಿ ಮಲಿಕ ಸಂದಲನು ಕಟ್ಟಿದ ರೋಜಾದಲ್ಲಿಯೇ ಅವನನ್ನೂ ಮಲಗಿಸಿದರು. ಖರ್ಚಾದ ಸುಮಾರು ಒಂದೂವರೆ ಲಕ್ಷ ಹೊನ್ನಿನ ಲೆಕ್ಕವನ್ನೂ ಶಾಸನದಲ್ಲಿ ಕೆತ್ತಿದ್ದಾರೆ. ಸರಸ್ವತಿಯನ್ನು ತಾಯಿಯೆಂದು ಹಾಡಿದವನ ಗೋರಿಯ ಸುತ್ತಲಿನ ಗೋಡೆಗಳ ಮೇಲೆ ಕುರಾನಿನ ವಚನಗಳು ಕಲ್ಲಿನ ಕಸೂತಿಯಂತೆ ತುಂಬಿವೆ. ಕಿಟಕಿಗಳ ಜಾಲಂಧ್ರವೂ ಅಕ್ಷರಗಳಿಂದಲೇ ಹೆಣೆದದ್ದು. ಅವುಗಳ ಮೂಲಕ ಬಿಸಿಲು ಹಾದು ಒಳಗಿನ ಗೋರಿಗಳ ಮೇಲೆ ಬೀಳುತ್ತದೆ.