ವಿಶ್ವೇಶ್ವರಯ್ಯನವರು ಮತ್ತು ಮೂಸಿ ನದಿಯ ಪ್ರವಾಹ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ಮಕ್ಕಳು ಕನ್ನಂಬಾಡಿ ಕಟ್ಟೆ ಎನ್ನುತ್ತಾರೆ. ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ಅವರ ಜೀವನವನ್ನು ಪಾಠ ಮಾಡುವಾಗ ನಾನು ಅದಕ್ಕಿಂತ ಮುಂಚಿನ ಹೈದರಾಬಾದಿನ ಕೆಲಸವನ್ನು ಆರಿಸಿಕೊಂಡೆ. ನಗರವೊಂದನ್ನು ನೆರೆಯಿಂದ ಕಾಪಾಡುವ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ನೀರಾವರಿ ಮತ್ತು ಊರುಗಳ ನೀರು ಪೂರೈಕೆಯ ಕೆಲಸ ಮಾಡಿದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿಗೆ ನುಗ್ಗಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆಗ ಸೇವೆಯಿಂದ ನಿವೃತ್ತರಾಗಿ ಯುರೋಪ್ ಪ್ರವಾಸದಲ್ಲಿದ್ದ ಅವರನ್ನು ನಿಜಾಮ ಸರ್ಕಾರ ಆಹ್ವಾನಿಸಿತು.

1909ರಲ್ಲಿ ಹೈದರಾಬಾದಿಗೆ ಬಂದ ಅವರು ಸುರಿದ ಮಳೆಯನ್ನೂ ಹರಿದ ನೀರನ್ನೂ ಲೆಕ್ಕ ಹಾಕಿದರು. ನದಿಯ ಮೇಲ್ಭಾಗದಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಆ ನೀರೂ ಪ್ರವಾಹಕ್ಕೆ ಸೇರಿತ್ತು.

ಇಲ್ಲಿಗೆ ಪಾಠ ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ನದಿಯನ್ನೂ ನಗರವನ್ನೂ ಬರೆದು, ತಡೆ ಎಲ್ಲಿ ಕಟ್ಟಬೇಕೆಂದು ಕೇಳಿದೆ. ಬಹಳಷ್ಟು ಮಕ್ಕಳು ನಗರದ ಪಕ್ಕದಲ್ಲೇ ಎತ್ತರದ ಗೋಡೆ ಎಳೆದರು. ವಿಶ್ವೇಶ್ವರಯ್ಯನವರೂ ನಗರದೊಳಗೆ ದಂಡೆಗಳನ್ನು ಎತ್ತರಿಸಲು ಹೇಳಿದ್ದರು. ಆದರೆ ಅವರ ಯೋಜನೆಯ ತಿರುಳು ನಗರಕ್ಕಿಂತ ಮೇಲೆ, ಮೂಸಿ ಮತ್ತು ಅದರ ಉಪನದಿ ಈಸಿಗೆ ಅಡ್ಡಲಾಗಿ ಎರಡು ಜಲಾಶಯಗಳು. ನೆರೆಯನ್ನು ಅಲ್ಲಿ ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಅದಕ್ಕಾಗಿ ಜಲಾಶಯದಲ್ಲಿ ಸ್ವಲ್ಪ ಜಾಗ ಸದಾ ಖಾಲಿ ಇರಬೇಕು. ಖಾಲಿ ಜಾಗವೂ ರಕ್ಷಣೆಯೇ ಎಂಬುದು ಮಕ್ಕಳಿಗೆ ಹೊಸ ಸಂಗತಿಯಾಗಿತ್ತು. ರಾಜಕಾಲುವೆಯ ಪಕ್ಕದ ಮನೆಯಿಂದ ಬರುವ ಹುಡುಗಿಯೊಬ್ಬಳು, ತಮ್ಮ ಮನೆಗೆ ನುಗ್ಗುವ ನೀರು ಯಾವ ಕೆರೆಯಿಂದ ಬರುತ್ತದೆ ಎಂದು ಕೇಳಿದಳು.

ಯೋಜನೆ ಕೊಟ್ಟ ವಿಶ್ವೇಶ್ವರಯ್ಯನವರು 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಅವನ್ನು ಕಟ್ಟಿದವರು ಬೇರೆ ಎಂಜಿನಿಯರುಗಳು ಮತ್ತು ಅಸಂಖ್ಯ ಕೂಲಿಗಳು. ಮುಂದೆ ಅವು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ವಿಶ್ವೇಶ್ವರಯ್ಯನವರು ಮತ್ತೆ ಹೈದರಾಬಾದಿಗೆ ಬಂದು ಒಳಚರಂಡಿ ಕೆಲಸಕ್ಕೂ ಸಲಹೆ ನೀಡಿದರು. 1962ರಲ್ಲಿ ತೀರಿಕೊಂಡರು.

ಮಹನೀಯರ ಜೀವನವನ್ನು ಬರೀ ಹೊಗಳಿಕೆಯಾಗಿ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಅವರು ಲೆಕ್ಕ ಹಾಕಿದ ರೀತಿಯನ್ನು ತೋರಿಸಿದರೆ ತಮ್ಮ ಬೀದಿಯನ್ನೂ ಹಾಗೆಯೇ ನೋಡತೊಡಗುತ್ತಾರೆ. ಆ ಹುಡುಗಿಯ ಪ್ರಶ್ನೆಗಾಗಿ ಮುಂದಿನ ಪಾಠಯೋಜನೆಯಲ್ಲಿ ಶಾಲೆಯ ಸುತ್ತಲಿನ ಕೆರೆ, ಕಾಲುವೆಗಳ ನಕ್ಷೆ ಬಿಡಿಸುವ ಚಟುವಟಿಕೆಯನ್ನು ಸೇರಿಸಿದ್ದೇನೆ.