ಆಸರೆ ಬಿಟ್ಟವರ ನಿರ್ಭಯ

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ಸನ್ನಿಧಿಯಲ್ಲಿ ನಿಂತ ತಿಕೋಟಾ, ಬಬಲೇಶ್ವರದ ಭಕ್ತರಿಗೆ ಕಮಠನ ಉಪಸರ್ಗದ ಕಥೆ ಹೊಸದಲ್ಲ. ಸುರಿವ ಮಳೆಯಲ್ಲಿ ಧರಣೇಂದ್ರನು ಹೆಡೆಯೆತ್ತಿ ಆಸರೆಯಾದನು. ಆದರೆ ಆ ಆಸರೆಯನ್ನು ಸ್ವಾಮಿ ಬೇಡಿರಲಿಲ್ಲ. ಬೇಡದೆ ನಿಲ್ಲುವ ಈ ನಿರ್ಭಯವನ್ನು ಸಮೀಪದ ಕಾಲದಲ್ಲಿ ಬಾಳಿ ತೋರಿದವರು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು.

1872ರಲ್ಲಿ ಭೀಮಗೌಡ ಪಾಟೀಲ, ಸತ್ಯವತಿ ದಂಪತಿಗೆ ಜನಿಸಿದ ಅವರ ಮೊದಲ ಹೆಸರು ಸಾತಗೌಡ. ಹೊಲವಿತ್ತು, ಬಟ್ಟೆಯ ಅಂಗಡಿಯಿತ್ತು, ಬದುಕಿಗೆ ಕೊರತೆಯಿರಲಿಲ್ಲ. ಬಾಲ್ಯದಲ್ಲೇ ಮದುವೆಯಾಯಿತು, ಆ ಬಾಲಿಕೆ ಬೇಗನೆ ತೀರಿಕೊಂಡಳು. ಮತ್ತೆ ಮದುವೆಗೆ ಅವರು ಒಪ್ಪಲಿಲ್ಲ. ಹೊಲ ಕಾಯಲು ಹೋದರೆ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಡುತ್ತಿದ್ದರಂತೆ. ತೆನೆ ಕಾಯುವುದೇ ಬಾಳಿನ ಭದ್ರತೆಯೆಂದು ಬಲ್ಲ ಒಕ್ಕಲಿಗರಿಗೆ ಇದು ವಿಚಿತ್ರವಾಗಿ ತೋರಿರಬೇಕು.

ಯೌವನದಲ್ಲೇ ದೀಕ್ಷೆಯ ಹಂಬಲ ಮೂಡಿತು. ತಾವಿರುವವರೆಗೆ ಮನೆ ಬಿಡಬಾರದೆಂದು ಹೆತ್ತವರು ಕೇಳಿಕೊಂಡರು, ಸಾತಗೌಡರು ನಿಂತರು. ವಿರಕ್ತರ ಚರಿತೆಗಳಲ್ಲಿ ಮನೆ ತೊರೆದ ಗಳಿಗೆಯೇ ಹಿರಿದಾಗಿ ಕಾಣುತ್ತದೆ. ಇಲ್ಲಿ ಹಿರಿದಾದದ್ದು ಕಾದ ವರ್ಷಗಳು. ತನ್ನ ಬಿಡುಗಡೆಗಾಗಿ ಮುಪ್ಪಿನವರ ಆಸರೆಯನ್ನು ಕಿತ್ತುಕೊಳ್ಳುವುದೂ ಒಂದು ಬಗೆಯ ಹಿಂಸೆಯೇ ಅಲ್ಲವೇ? ತಂದೆತಾಯಿ ಇಬ್ಬರೂ ಗತಿಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ.

ಇನ್ನು ಕೈಯಲ್ಲಿದ್ದುದು ಪಿಂಛಿ, ಕಮಂಡಲು ಮಾತ್ರ. ದಿಗಂಬರ ಮುನಿಗಳ ಸಂಚಾರಕ್ಕೆ ಬ್ರಿಟಿಷರ ಆಳ್ವಿಕೆಯಲ್ಲಿ ಹಲವೆಡೆ ಅಡ್ಡಿಯಿತ್ತು. ಅದಕ್ಕೆ ಅಂಜದೆ ಅವರು ಕಾಲ್ನಡಿಗೆಯಲ್ಲೇ ಉತ್ತರಾಪಥವನ್ನೆಲ್ಲ ಸಂಚರಿಸಿದರು. ದೆಹಲಿಯಲ್ಲಿ ಪ್ರಸಿದ್ಧ ಕಟ್ಟಡಗಳ ಮುಂದೆ ಭಾವಚಿತ್ರವನ್ನೂ ತೆಗೆಸಿಕೊಂಡರು. ಅದು ಕೀರ್ತಿಯ ಆಸೆಯಿಂದಲ್ಲ; ಮುಂದೆ ಯಾರಾದರೂ ಮುನಿಗಳನ್ನು ತಡೆದರೆ, ಹಿಂದೆ ಮುನಿಯೊಬ್ಬರು ಇಲ್ಲಿ ನಡೆದಿದ್ದರೆಂಬುದಕ್ಕೆ ಸಾಕ್ಷಿಯಿರಲೆಂದು.

ಇಳಿವಯಸ್ಸಿನಲ್ಲಿ ದೃಷ್ಟಿ ಮಂದವಾಯಿತು. ನೆಲದ ಜೀವಿಗಳನ್ನು ಕಂಡು ಹೆಜ್ಜೆಯಿಡುವ ಈರ್ಯಾಸಮಿತಿಯಾಗಲಿ, ಆಹಾರವನ್ನು ಶೋಧಿಸಿ ಸ್ವೀಕರಿಸುವ ನಿಯಮವಾಗಲಿ ಕಣ್ಣಿಲ್ಲದೆ ನಡೆಯದು. ಪರರ ಕೈಹಿಡಿದು ದೇಹವನ್ನು ಉಳಿಸಿಕೊಳ್ಳಬಹುದಿತ್ತು, ವ್ರತ ಉಳಿಯುತ್ತಿರಲಿಲ್ಲ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡರು. ಆಚಾರ್ಯಪದವನ್ನೂ ಶಿಷ್ಯ ವೀರಸಾಗರರಿಗೆ ಒಪ್ಪಿಸಿದರು. 36ನೆಯ ದಿನ, ಸೆಪ್ಟೆಂಬರ್ 18ರಂದು, ಸಮಾಧಿಸ್ಥರಾದರು.